ದುರ್ಬೀನು ಭಾವ

ಘಟ್ಟದ ಮೇಲಿನ ಯಾವ ಊರಿಗೇ ಹೋಗಿ, ಅಲ್ಲೊಬ್ಬ ದುರ್ಬೀನು ಭಾವ ಇದ್ದೇ ಇರುತ್ತಾನೆ. ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ ಎಂಬ ಭೇದ ಅವನಿಗಿಲ್ಲ. ಎರಡೆಕರೆ ಅಡಿಕೆ ತೋಟ, ಅದರಂಚಿಗೆ ಒಂದಿಷ್ಟು ಗದ್ದೆ, ಗದ್ದೆಯಾಚೆ ಸೊಪ್ಪಿನ ಬೆಟ್ಟ, ಬೆಟ್ಟದಲ್ಲಿ ಕಾಡುಹಂದಿ. ಇಷ್ಟಿದ್ದಲ್ಲಿ ಅವನು ತಾನಾಗಿಯೇ ಹುಟ್ಟಿಕೊಳ್ಳುತ್ತಾನೆ. ವಯಸ್ಸು ಐವತ್ತರ ಮೇಲೆ, ಹೆಗಲಿಗೊಂದು ಟವೆಲು, ಬಾಯಿ ತುಂಬ ಕವಳ, ಕೊರಳಿಂದ ಜೋಲಾಡುವ ಒಂದು ಕರಿಯ ಯಂತ್ರ. ನಮ್ಮ ಕಡೆಯವನು ನನ್ನ ಸ್ವಂತ ಅಕ್ಕನ ಗಂಡ. ಆದ್ದರಿಂದ ಅವನ ಬಗ್ಗೆ ಬರೆಯಲು ನನಗೆ ಹಕ್ಕೂ ಇದೆ, ಅಪಾಯವೂ ಇದೆ.

ಭಾವ ಬೇಟೆಗಾರನಲ್ಲ. ಶುದ್ಧ ಸಸ್ಯಾಹಾರಿ, ಬಚ್ಚಲಲ್ಲಿ ಜಿರಳೆ ಕಂಡರೆ ಅಕ್ಕನನ್ನು ಕೂಗುತ್ತಾನೆ. ಆದರೆ ರಾತ್ರಿ ಬೇಟೆಗೆಂದು ಲೋಕದ ಯಾವ ಮೂಲೆಯಲ್ಲಿ ಯಾವ ಅಗ್ಗದ ದುರ್ಬೀನು ತಯಾರಾದರೂ ಅದರ ಜಾತಕ ಅವನ ನಾಲಗೆಯ ತುದಿಯಲ್ಲಿರುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಒಂದು ತೋಟಾ ಕೋವಿ ಇದೆ, ಲೈಸೆನ್ಸೂ ಇದೆ. ಆದರೆ ಆ ಕೋವಿ ಭಾವನಿಗಿಂತ ಹೆಚ್ಚು ಪೊಲೀಸರ ಸಹವಾಸದಲ್ಲೇ ಕಳೆದಿದೆ. ಲೋಕಸಭೆ ಬಂತು, ಠಾಣೆಯಲ್ಲಿಡು. ವಿಧಾನಸಭೆ ಬಂತು, ಠಾಣೆಯಲ್ಲಿಡು. ಪಂಚಾಯ್ತಿ ಬಂತು, ಮತ್ತೆ ಹೊತ್ತುಕೊಂಡು ಹೋಗು. "ನಮ್ಮನೆ ಕೋವಿಯಷ್ಟು ಪ್ರಜಾಪ್ರಭುತ್ವ ಕಂಡಿದ್ದು ಬೇರೆ ಯಾವುದೂ ಇಲ್ಲೆ" ಎನ್ನುತ್ತಾನೆ.

ಅದು ಠಾಣೆಯಲ್ಲಿ ಇಲ್ಲದಾಗಲೂ ಗೋಡೆಯ ಗೂಟದಿಂದ ಕೆಳಗಿಳಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಭಾವ ವಕೀಲರಿಗಿಂತ ಚೆನ್ನಾಗಿ ಓದಿಕೊಂಡಿದ್ದಾನೆ. ಆ ಕಾಯ್ದೆಯ ಪ್ರಕಾರ ಕೊಂದರೆ ಮಾತ್ರ ಬೇಟೆಯಲ್ಲ. ಕೊಲ್ಲಲು ಪ್ರಯತ್ನಿಸಿದರೂ, ಉರುಳು ಹಾಕಿದರೂ, ಆಮಿಷ ಇಟ್ಟರೂ ಬೇಟೆಯೇ. ಬೆಳೆ ಹಾಳುಮಾಡುವ ಪ್ರಾಣಿಯ ವಿಷಯದಲ್ಲೂ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಯಾರೂ ಕೈಯೆತ್ತುವಂತಿಲ್ಲ. "ಕೊಲ್ಲಬಾರದು ಹೇಳಿದ್ದಾರೆ, ನೋಡಬಾರದು ಹೇಳಿದ್ದಾರಾ?" ಎಂಬುದು ಭಾವನ ವಾದ. ಈ ಒಂದು ವಾದದ ಮೇಲೆ ಅವನ ಕಪಾಟು ತುಂಬಿದೆ.

ಆ ಕಪಾಟನ್ನು ಒಮ್ಮೆ ನೋಡಬೇಕು. ಕೆಳಗಿನ ಅಂಕಣದಲ್ಲಿ ಮೂರು ಸೆಲ್ಲಿನ ಬ್ಯಾಟರಿ, ಐದು ಸೆಲ್ಲಿನ ಬ್ಯಾಟರಿ, ಹಣೆಗೆ ಕಟ್ಟುವ ಬ್ಯಾಟರಿ. ಅದರ ಮೇಲೆ ಎರಡು ಕಿಲೋಮೀಟರು ಬೆಳಕು ಬೀರುತ್ತದೆಂದು ಡಬ್ಬದ ಮೇಲೆ ಬರೆದುಕೊಂಡು ಬಂದ ಚಾರ್ಜಿಂಗ್ ಲೈಟು. ಕರೆಂಟು ಹೋದಾಗ ಅದರ ಬೆಳಕು ಜಗಲಿಯಿಂದ ಅಡುಗೆಮನೆಯವರೆಗೆ ಹೇಗೋ ಮುಟ್ಟುತ್ತದೆ. ಮೇಲಿನ ಅಂಕಣದಲ್ಲಿ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳು. ಬೆಂಗಳೂರಿನ ಆಂಡರ್ಸನ್ ರೈಫಲ್ಲಿಗೆ ಬ್ಯಾಟರಿ ಬಿಗಿದುಕೊಂಡು ನರಭಕ್ಷಕಗಳಿಗಾಗಿ ಮರದ ಮೇಲೆ ರಾತ್ರಿಯೆಲ್ಲ ಕಾದದ್ದು ಭಾವನಿಗೆ ಬಾಯಿಪಾಠ. ಓದಿ ಮುಗಿಸಿ ಅವನು ಕೊಟ್ಟ ತೀರ್ಪು ಇದು: "ಆಂಡರ್ಸನ್ ಹತ್ರ ಒಂದು ಥರ್ಮಲ್ ಇದ್ದಿದ್ರೆ ಪುಸ್ತಕ ಇಷ್ಟು ದಪ್ಪ ಆಗ್ತಿರಲಿಲ್ಲೆ."

ಮದುವೆ ಮನೆಯ ಪಂಕ್ತಿಯಲ್ಲಿ ಭಾವನ ಪಕ್ಕ ಕೂರುವುದಕ್ಕೆ ಧೈರ್ಯ ಬೇಕು. ಅಪ್ಪೆಹುಳಿ ಬರುವ ಹೊತ್ತಿಗೆ ಪಾಠ ಶುರುವಾಗಿರುತ್ತದೆ. ಇರುಳಲ್ಲಿ ನೋಡುವ ಯಂತ್ರ ಮೂರು ಜಾತಿ. ಒಂದನೆಯದು ಮಿಲಿಟರಿಯವರ ಹಸಿರು ಚಿತ್ರದ್ದು. ನಕ್ಷತ್ರದ ಮಿಣುಕು ಬೆಳಕನ್ನೇ ಕೊಳವೆಯೊಳಗೆ ಸಾವಿರಾರು ಪಟ್ಟು ಹೆಚ್ಚಿಸಿ ತೋರಿಸುತ್ತದೆ. ಹಗಲು ಬಿಸಿಲಿಗೆ ಹಿಡಿದರೆ ಕೊಳವೆ ಹಾಳು. ಎರಡನೆಯದು ಡಿಜಿಟಲ್. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ತಾನೇ ಬಿಟ್ಟು, ತಿರುಗಿ ಬಂದದ್ದನ್ನು ಕ್ಯಾಮೆರಾದಲ್ಲಿ ಹಿಡಿಯುತ್ತದೆ. ಬ್ಯಾಂಕಿನ ಬಾಗಿಲಲ್ಲಿ ಇರುಳು ದುಡಿಯುವ ಸಿಸಿ ಕ್ಯಾಮೆರಾದ ಒಳಗಿರುವುದೂ ಇದೇ. ಮೂರನೆಯದು ಥರ್ಮಲ್. ಇದಕ್ಕೆ ಬೆಳಕೇ ಬೇಡ, ಮೈಯ ಕಾವು ಸಾಕು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹೋಳಿಗೆ ಬಡಿಸುವವನು ಬಂದು ನಿಂತಿರುತ್ತಾನೆ. ಭಾವ ಅವನಿಗೂ ಹೇಳುತ್ತಾನೆ: "850 ನ್ಯಾನೊಮೀಟರಿಂದು ದೂರ ಹೋಗ್ತು, ಆದ್ರೆ ಮೂತಿ ಕೆಂಪಗೆ ಕಾಣ್ತು. 940ರದ್ದು ಕಾಣ್ತಿಲ್ಲೆ, ಆದ್ರೆ ದೂರ ಹೋಗ್ತಿಲ್ಲೆ. ಒಂದೇ ಹೋಳಿಗೆ ಸಾಕು, ತುಪ್ಪ ಹಾಕು."

ಇಷ್ಟೆಲ್ಲ ಬಲ್ಲವನು ಕೊಳ್ಳುವುದು ಮಾತ್ರ ಅಗ್ಗದ್ದನ್ನೇ. ಈ ಅಗ್ಗವನ್ನು ಅಳೆಯಲು ಅವನಲ್ಲಿರುವ ಕೋಲು ಅಡಿಕೆಯ ಧಾರಣೆ. ಮಂಡಿಯಲ್ಲಿ ರಾಶಿ ಅಡಿಕೆಗೆ ರೇಟು ಏರಿದ ದಿನ ಪ್ರಪಂಚದ ದುರ್ಬೀನುಗಳೆಲ್ಲ ಅಗ್ಗ; ಇಳಿದ ದಿನ ಅಕ್ಕನ ಕುಕ್ಕರಿನ ಗ್ಯಾಸ್ಕೆಟ್ಟೂ ದುಬಾರಿ.

ಅವನ ಆದರ್ಶ ಭೂಮಿ ಅಮೆರಿಕದ ಟೆಕ್ಸಾಸ್. ಅಲ್ಲೂ ಹಂದಿಗಳು ಹೊಲವನ್ನು ಉತ್ತು ಹಾಕುತ್ತವೆ. ಆದರೆ ಅಲ್ಲಿನ ಸರಕಾರ ಹಂದಿಯ ಪರ ಇಲ್ಲ. ಜಮೀನಿನವನು ಒಪ್ಪಿದರೆ ಹಗಲು ಇರುಳು ಯಾವಾಗ ಬೇಕಾದರೂ ಹೊಡೆಯಬಹುದು. 2011ರಲ್ಲಿ ಹೆಲಿಕಾಪ್ಟರಿನಿಂದ ಹೊಡೆಯಲೂ ಶಾಸನ ಬಂತು. 2019ರ ಸೆಪ್ಟೆಂಬರಿನಿಂದ ಖಾಸಗಿ ಜಮೀನಿನ ಹಂದಿಗೆ ಬೇಟೆ ಲೈಸೆನ್ಸೇ ಬೇಡವಾಯಿತು. ಆ ವಿಡಿಯೊಗಳನ್ನು ನೋಡುತ್ತ ಭಾವ ಊಟ ಮರೆಯುತ್ತಾನೆ. ಮಳೆಗಾಲದಲ್ಲಿ ಅವನ ಸ್ವಂತ ಜೀಪು ನಾಲ್ಕು ಜನ ತಳ್ಳದೆ ಶುರುವಾಗುವುದಿಲ್ಲ, ಆದರೂ ಹೆಲಿಕಾಪ್ಟರಿನ ಬಾಗಿಲು ಯಾವ ಕಡೆಗಿದ್ದರೆ ಅನುಕೂಲ ಎಂಬುದರಲ್ಲಿ ಅವನದು ಖಚಿತ ಅಭಿಪ್ರಾಯ.

ಅವನ ತಂಗಿಯ ಮಗ ಡಲ್ಲಾಸಿನಲ್ಲಿ ಸಾಫ್ಟ್‌ವೇರು ಕೆಲಸದಲ್ಲಿದ್ದಾನೆ. ಊರಿಗೆ ಬರುವ ಮೊದಲು ಅವನಿಗೆ ಫೋನು ಹೋಯಿತು: ಚಾಕ್ಲೇಟು ಬೇಡ, ಒಂದು ಥರ್ಡ್ ಜನರೇಶನ್ ದುರ್ಬೀನು ತಾ. ಅಮೆರಿಕದ ಆ ಕೊಳವೆಗಳನ್ನು ಅಲ್ಲಿನ ಸರಕಾರದ ಅಪ್ಪಣೆಯಿಲ್ಲದೆ ದೇಶದಾಚೆ ಒಯ್ಯುವುದು ಅಪರಾಧ. ಹುಡುಗ ಅದನ್ನೇ ಹೇಳಿದ: "ಮಾವಾ, ನಾನು ಇಲ್ಲಿ ಕೋಡು ಬರೆಯೋಕೆ ಬಂದಿದ್ದು, ಕಂಬಿ ಎಣಿಸೋಕಲ್ಲ." ಭಾವ ಅವನ ಜೊತೆ ಎರಡು ಹಬ್ಬ ಮಾತಾಡಲಿಲ್ಲ. ಕೊನೆಗೆ ಆಫರಿನಲ್ಲಿ ಸಿಕ್ಕ ಒಂದು ಡಿಜಿಟಲ್ ದುರ್ಬೀನು ಕೊರಿಯರಿನಲ್ಲಿ ಬಂತು. ಡಬ್ಬದ ಮೇಲೆ ಐದುನೂರು ಮೀಟರು ಎಂದಿತ್ತು. ಜೊತೆಗೆ ಕೊಂಬಿನ ಜಿಂಕೆಯ ಚಿತ್ರ. ಅಕ್ಕ ಆ ಡಬ್ಬದಲ್ಲಿ ಈಗ ಕೊಕಂ ಒಣಗಿಸಿ ಇಟ್ಟಿದ್ದಾಳೆ.

ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಇಳಿಯಲು ಶುರುವಾಯಿತು. ಭಾವ ನನ್ನನ್ನೂ ಎಳೆದುಕೊಂಡು ಗದ್ದೆಯಂಚಿನ ಮಾಳ ಹತ್ತಿದ. ಕಂಬಳಿ, ಪ್ಲಾಸ್ಟಿಕ್ ಹೊದಿಕೆ, ಪವರ್ ಬ್ಯಾಂಕು, ಫ್ಲಾಸ್ಕಿನಲ್ಲಿ ಕಷಾಯ, ಕವಳದ ಸಂಚಿ, ಮೈಗೆಲ್ಲ ಬಳಿದುಕೊಂಡ ಸೊಳ್ಳೆ ಮುಲಾಮು. ಮಾಳದಲ್ಲಿ ಮೊದಲೇ ಕಾವಲಿನ ಅಜ್ಜ ಇದ್ದ. ಅವನ ಸರಂಜಾಮು ಒಂದು ಎಣ್ಣೆ ಡಬ್ಬ, ಒಂದು ಕೋಲು.

ಭಾವ ದುರ್ಬೀನಿಗೆ ಕಣ್ಣು ಕೊಟ್ಟ. ಕನ್ನಡಕ ಅಡ್ಡ ಬಂತು. ಕನ್ನಡಕ ತೆಗೆದ, ಪರದೆಯೇ ಮಸುಕಾಯಿತು. ಗುಂಡಿ ತಿರುಗಿಸಿ ಎಲ್ಲ ಸರಿಹೊಂದುವಷ್ಟರಲ್ಲಿ ಬೆಟ್ಟದಿಂದ ಇಬ್ಬನಿ ಇಳಿಯಿತು, ಹಿಂದೆಯೇ ಜಿಟಿಜಿಟಿ ಮಳೆ. ಯಂತ್ರ ಬಿಟ್ಟ ಬೆಳಕೆಲ್ಲ ಮಳೆಹನಿಗೆ, ಮಂಜಿಗೆ ತಾಗಿ ವಾಪಸು ಬಂತು.

"ಎಂತ ಕಾಣ್ತು ಭಾವಾ?"

"ಬೆಳ್ಳಗೆ ಕಾಣ್ತು."

"ಹಂದಿಯಾ?"

"ಎಲ್ಲಾನೂವಾ."

ಅಜ್ಜ ಗಾಳಿಗೆ ಮೂಗೊಡ್ಡಿ ಕೂತಿದ್ದ. "ಹಂದಿ ಬಂದು ಹೋತು ಹೆಗಡೇರೆ" ಎಂದ. ಯಾವಾಗ ಎಂದು ಕೇಳಿದರೆ, "ನೀವು ಕನ್ನಡಕ ತೆಗೀತಿದ್ರಲ್ಲ, ಆವಾಗ." ಅವು ಏಕೆ ನಿಲ್ಲಲಿಲ್ಲ ಎಂಬುದಕ್ಕೂ ಅಜ್ಜನಲ್ಲಿ ಉತ್ತರವಿತ್ತು. ಹಂದಿಯ ಕಣ್ಣು ಮಂದ, ಮೂಗು ಮಹಾ ಚುರುಕು. ಗಾಳಿ ನಮ್ಮ ಕಡೆಯಿಂದ ಬೆಟ್ಟದ ಕಡೆಗೆ ಬೀಸುತ್ತಿತ್ತು. ಭಾವನ ಮುಲಾಮು, ಕಷಾಯ, ಕವಳ ಮೂರೂ ಮೊದಲೇ ಹೋಗಿ ಹಂದಿಗಳಿಗೆ ವರ್ತಮಾನ ಮುಟ್ಟಿಸಿದ್ದವು.

ಹಳೆಯ ಬ್ಯಾಟರಿಯಲ್ಲಾದರೆ ಕಣ್ಣು ಹೊಳೆದು ಸಿಗುತ್ತಿತ್ತು ಎಂದು ನಾನೊಂದು ಮಾತು ಹಾಕಿದೆ. ಭಾವ ಬಿಡಲಿಲ್ಲ. ಕಡವೆ, ಜಿಂಕೆ, ಚಿರತೆ, ಬೆಕ್ಕು ಇವುಗಳ ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸುವ ಪೊರೆ ಇದೆ, ಅದಕ್ಕೇ ಹೊಳೆಯುತ್ತವೆ. ಹಂದಿಗೆ ಆ ಪೊರೆಯೇ ಇಲ್ಲ. ಇದು ಅಪ್ಪಟ ಸತ್ಯ. ಭಾವನ ತೊಂದರೆಯೇ ಅದು. ಅವನು ಹೇಳುವುದೆಲ್ಲ ಸರಿ, ಕಾಣುವುದಿಲ್ಲ ಅಷ್ಟೆ.

ವಾಪಸು ಬರುವಾಗ ಇನ್ನೊಂದು ಪಾಠವೂ ಆಯಿತು. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಹೊಳೆಯುವ ಪರದೆಯನ್ನು ಒಂದು ಕ್ಷಣ ನೋಡಿದರೂ ಆ ಒಗ್ಗಿಕೆ ಹೋಯಿತು. ಭಾವ ಪರದೆಯಿಂದ ಕಣ್ಣೆತ್ತಿದವನು ನೇರ ತೋಟದ ಬಸಿಗಾಲುವೆಗೆ ಕಾಲಿಟ್ಟ. ಸೊಂಟದವರೆಗೆ ಕೆಸರು. ದುರ್ಬೀನನ್ನು ಮಾತ್ರ ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಕೋಲು ಚಾಚಿ ಮೇಲೆಳೆದವನು ಅಜ್ಜ.

ಇಷ್ಟಾದ ಮೇಲೆ ಬೇರೆಯವರಾದರೆ ಬೇಲಿಗೆ ದುಡ್ಡು ಹಾಕುತ್ತಿದ್ದರು. ಭಾವ ಥರ್ಮಲ್ ತಂದ. ಧಾರಣೆ ಚೆನ್ನಾಗಿತ್ತು. ಮೊದಲ ದಿನ ಕಿಟಕಿಯ ಗಾಜಿನ ಹಿಂದೆ ನಿಂತು ನೋಡಿ ಕಂಗಾಲಾದ. ತೋಟ ಕಾಣಲಿಲ್ಲ, ಒಂದು ದಪ್ಪ ಬಿಳಿಯ ಆಕೃತಿ ಕಂಡಿತು. ಥರ್ಮಲಿಗೆ ಗಾಜು ಗೋಡೆಯಿದ್ದ ಹಾಗೆ. ಅದರಾಚೆಯ ಕಾವು ದಾಟಿ ಬರುವುದಿಲ್ಲ, ಈಚೆಯದು ಪ್ರತಿಫಲಿಸುತ್ತದೆ. ಆ ದಪ್ಪ ಆಕೃತಿ ಭಾವನೇ.

ಎರಡನೆಯ ದಿನ ಕಿಟಕಿ ತೆರೆದು ನೋಡಿದವನು ಅಕ್ಕನನ್ನು ಎಬ್ಬಿಸಿದ. ಕೊಟ್ಟಿಗೆಯ ಹಿಂದೆ ಭಾರಿ ಹಂದಿ, ಒಂದಲ್ಲ, ಒತ್ತಿಕೊಂಡು ಮಲಗಿದ ಇಡೀ ಹಿಂಡು, ಬೆಂಕಿ ಬಿಳುಪು! ತಮಟೆ ಬಡಿದರೂ ಅಲುಗಲಿಲ್ಲ, ಪಟಾಕಿ ಹೊಡೆದರೂ ಅಲುಗಲಿಲ್ಲ. ಅಕ್ಕಪಕ್ಕದ ಮನೆಯವರು ದೊಣ್ಣೆ ಹಿಡಿದು ಬಂದರು. ಅಕ್ಕ ಹಣೆ ಬ್ಯಾಟರಿ ಹಾಕಿಕೊಂಡು ಹೋಗಿ ನೋಡಿ ಬಂದು ಹೇಳಿದಳು: "ಗೊಬ್ಬರದ ಗುಂಡಿ." ಸಗಣಿ ಸೊಪ್ಪು ಕೊಳೆಯುವಾಗ ಐವತ್ತು ಡಿಗ್ರಿಯ ಮೇಲೂ ಕಾಯುತ್ತದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಭಾವ ಮಾರನೇ ದಿನದಿಂದ ಅದರ ಕಾವನ್ನು ನೋಡಿ ಗೊಬ್ಬರ ಹಣ್ಣಾಗಿದೆಯೋ ಇಲ್ಲವೋ ಎಂದು ಊರಿಗೆಲ್ಲ ಭವಿಷ್ಯ ಹೇಳಲು ಶುರುಮಾಡಿದ. ಈ ಒಂದು ವಿಷಯದಲ್ಲಿ ಅವನ ಮಾತು ತಪ್ಪಿಲ್ಲ.

ಊರಿಗೂ ಲಾಭವಾಗಿದೆ. ಭಾವ ಜಗಲಿಯಲ್ಲಿ ಕೂತಿದ್ದಾನೆಂದರೆ ಕಾಯಿಕಳ್ಳರು ಈ ದಾರಿ ಹಿಡಿಯುವುದಿಲ್ಲ. ರಾತ್ರಿ ಪೇಟೆಯಿಂದ ತಡವಾಗಿ ಬರುವ ಗಂಡಸರು ಅವನ ಮನೆ ಮುಂದೆ ಪ್ರಯತ್ನಪಟ್ಟು ನೆಟ್ಟಗೆ ನಡೆಯುತ್ತಾರೆ. ಕುಟುಂಬದ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಒಂದು ಬೂದು ಬಣ್ಣದ ವಿಡಿಯೊ ಬರುತ್ತದೆ. ಮಧ್ಯದಲ್ಲೊಂದು ಬಿಳಿ ಚುಕ್ಕೆ, ಕೆಳಗೆ "ಮುಳ್ಳುಹಂದಿ, 2.40" ಎಂಬ ಟಿಪ್ಪಣಿ. ಎಲ್ಲರೂ ಕೈಮುಗಿದ ಚಿತ್ರ ಹಾಕಿ ಶುಭೋದಯ ಹೇಳುತ್ತಾರೆ.

ಭಾವನನ್ನು ನೋಡಿ ನಗುವವರು ಅವನ ಒಂದು ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಕು. ಅಮೆರಿಕದ ಸೇನೆಯ ವಿಜ್ಞಾನಿ ಜಾನ್ ಜಾನ್ಸನ್ 1958ರಲ್ಲೇ ಒಂದು ಲೆಕ್ಕ ಕೊಟ್ಟರು. ಅಲ್ಲೇನೋ ಇದೆ ಎಂದು ತಿಳಿಯಲು ಬೇಕಾದ ವಿವರಕ್ಕಿಂತ, ಅದು ಇಂಥದ್ದೇ ಎಂದು ಗುರುತು ಹಿಡಿಯಲು ಆರು ಪಟ್ಟಿಗೂ ಹೆಚ್ಚು ವಿವರ ಬೇಕು. ಡಬ್ಬದ ಮೇಲಿನ ಐದುನೂರು ಮೀಟರು ಎಂದರೆ ಏನೋ ಇದೆ ಎನ್ನುವ ದೂರ. ಗುರುತು ಹಿಡಿಯುವ ದೂರ ಎಂಬತ್ತು ಮೀಟರಿನೊಳಗೆ, ಅದೂ ಒಳ್ಳೆಯ ಹವೆಯಲ್ಲಿ. ನಮ್ಮ ಮಲೆನಾಡಿನಲ್ಲಿ ಹಂದಿಯೆಂದು ತಿಳಿದು ಮನುಷ್ಯನಿಗೆ ಈಡು ಹೊಡೆದ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಏನೋ ಇದೆ ಎಂಬುದಕ್ಕೂ ಇಂಥದ್ದೇ ಎಂಬುದಕ್ಕೂ ನಡುವೆ ಸತ್ತವರು ಅವರು. ಭಾವನ ಕೋವಿ ಗೂಟ ಬಿಟ್ಟು ಇಳಿಯದಿರುವುದಕ್ಕೆ ಕಾಯ್ದೆಯ ಜೊತೆ ಈ ಲೆಕ್ಕವೂ ಕಾರಣ.

ಕೊನೆಯದಾಗಿ ಒಂದು ಪ್ರಕಟಣೆ. ಭಾವನ ಹಳೆಯ ಡಿಜಿಟಲ್ ದುರ್ಬೀನು ಮಾರಾಟಕ್ಕಿದೆ. ದರ ಆ ದಿನದ ಧಾರಣೆಯ ಮೇಲೆ. ಕೊಳ್ಳುವ ಮನಸ್ಸಿದ್ದವರು ಮಳೆಗಾಲದಲ್ಲೇ ಬಂದು ನೋಡಿ. ಬೇಸಿಗೆಯಲ್ಲಿ ತೋರಿಸಿದರೆ ಎಲ್ಲ ದುರ್ಬೀನೂ ಚೆನ್ನಾಗಿಯೇ ಕಾಣುತ್ತದೆ.