ಪಾರ್ಟಿ ರೆಡಿ ಇದೆ ಸಾರ್

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಜಯನಗರಗಳಂಥ ಹಳೆಯ ಬಡಾವಣೆಗಳಲ್ಲಿ ಮನೆಯೊಂದು ಮಾರಾಟಕ್ಕಿದೆಯೆಂಬ ಸುದ್ದಿ, ಯಜಮಾನರು ಆ ವಿಚಾರವನ್ನು ಹೆಂಡತಿಗೆ ಹೇಳಿ ಮುಗಿಸುವ ಮೊದಲೇ ಒಬ್ಬನನ್ನು ತಲುಪಿರುತ್ತದೆ. ಬೀದಿಯವರು ಅವನನ್ನು ಬ್ರೋಕರ್ ಎನ್ನುತ್ತಾರೆ. ಅವನ ವಿಸಿಟಿಂಗ್ ಕಾರ್ಡು ಮಾತ್ರ ರಿಯಲ್ ಎಸ್ಟೇಟ್ ಕನ್ಸಲ್ಟೆಂಟ್ ಎನ್ನುತ್ತದೆ. ಸ್ಥಿರಾಸ್ತಿ ವ್ಯವಹಾರವನ್ನು ಹದ್ದುಬಸ್ತಿನಲ್ಲಿಡಲು 2016ರಲ್ಲಿ ಬಂದ ರೇರಾ ಕಾಯ್ದೆಯು, ನೋಂದಾಯಿತ ಯೋಜನೆಗಳ ಫ್ಲ್ಯಾಟು, ಸೈಟುಗಳನ್ನು ಮಾರಿಸುವ ದಲ್ಲಾಳಿಗಳೂ ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿದೆಯಾದರೂ, ಅಪ್ಪನ ಕಾಲದ ಒಂಟಿ ಮನೆಗಳ ಮರುಮಾರಾಟ ಅದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಈತ ಯಾವ ಪಟ್ಟಿಯಲ್ಲೂ ಇಲ್ಲದೆ ಎಲ್ಲ ಬೀದಿಗಳಲ್ಲೂ ಇರುತ್ತಾನೆ.

ಇತರ ದಲ್ಲಾಳಿಗಳಿಗೂ ಈತನಿಗೂ ಇರುವ ವ್ಯತ್ಯಾಸವೆಂದರೆ, ಈತನ ಬಳಿ ಸದಾ ಒಂದು ಕ್ಯಾಶ್ ಪಾರ್ಟಿ ಸಿದ್ಧವಾಗಿರುತ್ತದೆ. ಈ ಕಸುಬಿನಲ್ಲಿ ಪಾರ್ಟಿ ಎಂದರೆ ಕೊಳ್ಳುವವರು. ಕ್ಯಾಶ್ ಪಾರ್ಟಿ ಎಂದರೆ ಬ್ಯಾಂಕಿನ ಸಾಲಕ್ಕೆ ಕೈಯೊಡ್ಡದೆ ಪೂರ್ತಿ ಬೆಲೆಯನ್ನು ಸ್ವಂತ ಹಣದಿಂದಲೇ ಕೊಡಬಲ್ಲವರು. ಅವರನ್ನು ಕಣ್ಣಾರೆ ಕಂಡವರಿಲ್ಲ, ಆದರೆ ಅವರ ಪೂರ್ವೋತ್ತರವೆಲ್ಲ ಈತನ ಬಾಯಲ್ಲಿರುತ್ತದೆ, ಮತ್ತು ಆ ಪೂರ್ವೋತ್ತರವು ಕೇಳುವವರ ಊರಿಗೆ ತಕ್ಕಂತೆ ಬದಲಾಗುತ್ತದೆ. ಮಾರುವವರು ಮಲೆನಾಡಿನ ಕಡೆಯವರಾದರೆ ಪಾರ್ಟಿ ತೀರ್ಥಹಳ್ಳಿಯ ಅಡಿಕೆ ತೋಟದವರು. ಮಂಡ್ಯದ ಕಡೆಯವರಾದರೆ ರೈಸ್ ಮಿಲ್ಲಿನವರು. ಮಕ್ಕಳು ಹೊರದೇಶದಲ್ಲಿರುವ ದಂಪತಿಗಳಾದರೆ ದುಬೈನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಎಲ್ಲ ಅವತಾರಗಳಲ್ಲೂ ಅವರು ದೇವರಂಥ ಮನುಷ್ಯರು, ಚೌಕಾಸಿ ಅರಿಯದವರು. ಮನೆಯನ್ನು ನೋಡುವ ಅಗತ್ಯವೂ ಅವರಿಗಿಲ್ಲ. “ನಾನು ಹೂಂ ಅಂದ್ರೆ ಸಾಕು ಸಾರ್, ನಾಳೆ ಅಂದ್ರೆ ನಾಳೆ ರಿಜಿಸ್ಟ್ರೇಷನ್” ಎಂದು ಈತ ಸೋಫಾದ ಅಂಚಿನಲ್ಲಿ ಕುಳಿತು, ಕಾಫಿ ಲೋಟವನ್ನು ಟೀಪಾಯಿಯ ಮೇಲಿಟ್ಟು, ಮೇಲಕ್ಕೆ ನೋಡಿ ಸೂರಿನಲ್ಲಿ ನೀರಿಳಿದ ಕಲೆಯೊಂದನ್ನು ಪತ್ತೆಹಚ್ಚುತ್ತಾನೆ.

ಆ ಕಲೆಯಿಂದ ಬೆಲೆಯ ಮಾತು ಆರಂಭವಾಗುತ್ತದೆ. ಯಜಮಾನರು 1 ಕೋಟಿ 60 ಲಕ್ಷ ಎಂದುಕೊಂಡಿದ್ದರೆ ಕ್ಯಾಶ್ ಪಾರ್ಟಿಯ ಬೆಲೆ 1 ಕೋಟಿ 45 ಲಕ್ಷ. ನಡುವಿನ 15 ಲಕ್ಷವು ಲೋನ್ ಪಾರ್ಟಿ ಎಂಬ ಪೀಡೆಯಿಂದ ಪಾರಾಗಲು ಮಾರುವವರು ತೆರಬೇಕಾದ ಕಾಣಿಕೆಯೆಂದು ಈತ ನಂಬಿಸುತ್ತಾನೆ. ಲೋನ್ ಪಾರ್ಟಿಯೆಂದರೆ ಬ್ಯಾಂಕಿನ ವಕೀಲರು ಮೂಲಪತ್ರ ಕೇಳುವುದು, ಬೆಲೆ ಕಟ್ಟುವವರು ಬಂದು ಗೋಡೆ ತಟ್ಟುವುದು, ತಿಂಗಳುಗಟ್ಟಲೆ ಕಾದ ಮೇಲೆ ಸಾಲ ಆಗಲಿಲ್ಲವೆಂಬ ಫೋನು ಬರುವುದು.

ಈ ವರ್ಣನೆಯಲ್ಲಿ ಸತ್ಯಾಂಶ ಇಲ್ಲದಿಲ್ಲ. ಕಾಗದಪತ್ರ ಸರಿಯಿಲ್ಲದ ಮನೆಗೆ, ವಿಶೇಷವಾಗಿ ನಿಯಮಗಳಿಗೆ ಪೂರ್ತಿ ಹೊಂದದ ಆಸ್ತಿಯೆಂದು ಪಾಲಿಕೆ ಪ್ರತ್ಯೇಕವಾಗಿ ದಾಖಲಿಸುವ ಬಿ ಖಾತಾದ ಮನೆಗೆ, ಎಷ್ಟೋ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುವುದರಿಂದ, ಅಂಥಲ್ಲಿ ಸ್ವಂತ ಹಣದವರೇ ಗತಿ. ಆದರೆ ಕಾಗದ ಸರಿಯಿರುವ ಮನೆಯ ಮಟ್ಟಿಗೆ ಲೋನ್ ಪಾರ್ಟಿಯ ಹಣವೂ ಹಣವೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷಕ್ಕೆ ಮೀರಿದ ಗೃಹಸಾಲವು ಆಸ್ತಿಯ ಮೌಲ್ಯದ ಶೇಕಡಾ 75ನ್ನು ದಾಟುವಂತಿಲ್ಲ. ಉಳಿದದ್ದನ್ನು ಕೊಳ್ಳುವವರು ಕೈಯಿಂದ ಹಾಕಲೇಬೇಕು. ನೋಂದಣಿಯ ದಿನ ಬ್ಯಾಂಕಿನ ಡಿಡಿ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಬರುತ್ತದೆ. ಆ ಸಾಲದ ಕಂತನ್ನು ಇಪ್ಪತ್ತು ವರ್ಷ ಕಟ್ಟುವ ಸಂಕಟ ಕೊಂಡವರದೇ ಹೊರತು ಮಾರಿದವರದಲ್ಲ. ಈ ಸರಳ ಸಂಗತಿ ಮೂವತ್ತು ವರ್ಷ ಲೆಕ್ಕ ಪಾಠ ಮಾಡಿ ನಿವೃತ್ತರಾದ ಮೇಷ್ಟರಿಗೂ ಆ ಹೊತ್ತಿಗೆ ಹೊಳೆಯದಿರುವುದು ಈತನ ಮಾತಿನ ಮಹಿಮೆ.

ಕ್ಯಾಶ್ ಎಂದರೆ ಸಾಲವಿಲ್ಲದ ಹಣವೋ ನೋಟಿನ ಕಟ್ಟೋ ಎಂಬುದನ್ನು ಈತ ಎಂದೂ ಸ್ಪಷ್ಟಪಡಿಸುವುದಿಲ್ಲ. ಯಜಮಾನರು ಹಿಂದೆಗೆದರೆ ಬ್ಯಾಂಕ್ ಟ್ರಾನ್ಸ್‌ಫರ್ ಎನ್ನುತ್ತಾನೆ. ಆಸೆಯಿಂದ ಮುಂದೆ ಬಾಗಿದರೆ ದನಿ ತಗ್ಗಿಸಿ, ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆಯಾದ ಮಾರ್ಗಸೂಚಿ ದರಕ್ಕೆ ಕ್ರಯಪತ್ರ ಮಾಡಿಸಿ ಮಿಕ್ಕದ್ದನ್ನು ಬ್ಲ್ಯಾಕಿನಲ್ಲಿ ಕೊಡಿಸುವ ಮಾತೆತ್ತುತ್ತಾನೆ. 2015ರಿಂದ ಜಾರಿಯಲ್ಲಿರುವ ಆದಾಯ ತೆರಿಗೆ ನಿಯಮದ ಪ್ರಕಾರ ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ಮೊತ್ತದ ದಂಡಕ್ಕೆ ಗುರಿಯಾಗುವವರು ಕೊಟ್ಟವರಲ್ಲ, ತೆಗೆದುಕೊಂಡವರು, ಅಂದರೆ ಸೋಫಾದ ಈಚೆ ಬದಿಯಲ್ಲಿ ಕುಳಿತ ಯಜಮಾನರು. ಸಾಲದ್ದಕ್ಕೆ ಆ ನೋಟಿನಿಂದ ಬಂಡವಾಳ ಲಾಭದ ತೆರಿಗೆ ಉಳಿಸುವ ಬಾಂಡು ಕೊಳ್ಳಲಾಗದು, ಅಮೆರಿಕದಲ್ಲಿರುವ ಮಗಳ ಪಾಲನ್ನು ಕಳಿಸಲಾಗದು, ದೊಡ್ಡ ನೋಟುಗಳು ರದ್ದಾದ 2016ರ ನವೆಂಬರ್ 8ರ ರಾತ್ರಿಯನ್ನು ಕಂಡವರು ಬೀರುವಿನಲ್ಲಿಟ್ಟು ನಿದ್ದೆ ಮಾಡಲಾಗದು. ಇದನ್ನೆಲ್ಲ ಯಾರಾದರೂ ಎತ್ತಿದರೆ ಈತನ ಉತ್ತರ ಒಂದೇ: “ಎಲ್ರೂ ಮಾಡೋದೇ ಸಾರ್.”

ಒಪ್ಪಂದದ ಹಂತಕ್ಕೆ ಬಂದಾಗ ಕ್ಯಾಶ್ ಪಾರ್ಟಿಯ ಐಶ್ವರ್ಯವು ಒಂದು ಲಕ್ಷ ರೂಪಾಯಿಯ ಟೋಕನ್ ಚೆಕ್ಕಿನ ರೂಪದಲ್ಲಿ ಮೊದಲ ಬಾರಿ ಪ್ರಕಟವಾಗುತ್ತದೆ. ಅದನ್ನೂ ಮುಂದಿನ ಮಂಗಳವಾರ ಕಳೆದ ಮೇಲೆ ಬ್ಯಾಂಕಿಗೆ ಹಾಕಬೇಕೆಂಬ ವಿನಂತಿ ಇರುತ್ತದೆ. ಜೊತೆಗೆ ಬರುವ ಅಗ್ರಿಮೆಂಟು, ಅಂದರೆ ಮುಂದೆ ಕ್ರಯ ಮಾಡಿಕೊಡುವುದಾಗಿ ಬರೆದುಕೊಡುವ ಕರಾರು, ತೊಂಬತ್ತು ದಿನಗಳ ವಾಯಿದೆಯನ್ನು ಹೊತ್ತಿರುತ್ತದೆ. ನಾಳೆಯ ರಿಜಿಸ್ಟ್ರೇಷನ್ನು ಮೂರು ತಿಂಗಳಿಗೆ ಹಾರಿದ್ದನ್ನು ಗಮನಿಸುವವರು ಸಾಮಾನ್ಯವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ ಮನೆಯಾಕೆ.

“ದುಡ್ಡು ಕೈಲಿಟ್ಕೊಂಡೋರಿಗೆ ತೊಂಬತ್ತು ದಿನ ಯಾಕಪ್ಪಾ?”

“ಆಷಾಢ ಬಂತಲ್ಲಮ್ಮಾ” ಎನ್ನುತ್ತಾನೆ ಈತ, ಪಂಚಾಂಗವನ್ನೇ ಸಾಕ್ಷಿಗೆ ಕರೆದವನ ಗಾಂಭೀರ್ಯದಿಂದ. ಆಷಾಢ ಮುಗಿಯುವ ಹೊತ್ತಿಗೆ ಪಿತೃಪಕ್ಷ ದೂರವಿರುವುದಿಲ್ಲ, ಅದೂ ಕಳೆದರೆ ಧನುರ್ಮಾಸವಿದ್ದೇ ಇದೆ.

ಕರಾರಿನ ಮೂರನೆಯ ಪುಟದಲ್ಲಿ, ಸಾಮಾನ್ಯವಾಗಿ ಯಾರೂ ಕನ್ನಡಕ ಹಾಕಿಕೊಂಡು ಓದದ ಜಾಗದಲ್ಲಿ, ಕ್ರಯವನ್ನು ಕೊಳ್ಳುವವರಿಗೆ ಅಥವಾ ಅವರು ಸೂಚಿಸಿದವರ ಹೆಸರಿಗೆ ಮಾಡಿಕೊಡತಕ್ಕದ್ದು ಎಂಬ ಸಾಲಿರುತ್ತದೆ. ಈ ಸಾಲು ಕಾನೂನುಬಾಹಿರವೇನಲ್ಲ. ಕ್ಯಾಶ್ ಪಾರ್ಟಿ ಎಂಬ ಸಂಸ್ಥೆ ನಿಂತಿರುವುದೇ ಇದರ ಮೇಲೆ. ತೊಂಬತ್ತು ದಿನಗಳೂ ಬೇಕಾಗುವುದು ಹಣ ಹೊಂದಿಸಲಿಕ್ಕಲ್ಲ, ಹಣವಿರುವ ಇನ್ನೊಬ್ಬರನ್ನು ಹುಡುಕಲಿಕ್ಕೆ. ಈತನ ಫೋನಿನಿಂದ ಆ ಮನೆಯ ಫೋಟೋಗಳು ಅಂದೇ ರಾತ್ರಿ ಹೊರಡುತ್ತವೆ. ನೀರಿನ ಕಲೆಯಿರುವ ಸೂರು ಅವುಗಳಲ್ಲಿ ಕಾಣುವುದಿಲ್ಲ, ಬೆಲೆ 1 ಕೋಟಿ 60 ಲಕ್ಷ.

ಕೊನೆಗೆ ನೋಂದಣಿಯ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಯಜಮಾನರ ಪಕ್ಕದಲ್ಲಿ ಬಂದು ಕೂರುವವರು ತೀರ್ಥಹಳ್ಳಿಯವರಲ್ಲ, ಗಂಡಹೆಂಡಿರಿಬ್ಬರೂ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಲೋನ್ ಪಾರ್ಟಿ. ಅವರ ಬ್ಯಾಂಕಿನ ಡಿಡಿಯಲ್ಲಿ ಯಜಮಾನರ ಹೆಸರಿರುತ್ತದೆ. ಮೂರು ತಿಂಗಳಿನಿಂದ ಕೇಳುತ್ತ ಬಂದ ಕ್ಯಾಶ್ ಪಾರ್ಟಿಯೂ ಅಂದು ಪ್ರತ್ಯಕ್ಷರಾಗುತ್ತಾರೆ, ಆದರೆ ಕೊಳ್ಳುವವರಾಗಿ ಅಲ್ಲ. ಹಳೆಯ ಕರಾರಿನ ಹಕ್ಕನ್ನು ಬಿಟ್ಟುಕೊಟ್ಟು ಕ್ರಯಕ್ಕೆ ಸಮ್ಮತಿಸಿ ಸಹಿ ಮಾಡುವ, ಪತ್ರಬರಹಗಾರರು ಕನ್ಫರ್ಮಿಂಗ್ ಪಾರ್ಟಿ ಎಂದು ಕರೆಯುವ ಮೂರನೆಯ ಪಕ್ಷಕಾರರಾಗಿ. ಸಹಿಯ ಪ್ರತಿಫಲ 15 ಲಕ್ಷ ರೂಪಾಯಿ, ಅದೂ ಚೆಕ್ಕಿನಲ್ಲಿ. ಲೋನ್ ಪಾರ್ಟಿಯನ್ನು ದೂರವಿಡಲೆಂದು ಬಿಟ್ಟುಕೊಟ್ಟ ಮೊತ್ತವನ್ನು ಲೋನ್ ಪಾರ್ಟಿಯೇ ತಂದು ಕಣ್ಣೆದುರಿಗೇ ಇನ್ನೊಬ್ಬರಿಗೆ ಕೊಡುವುದನ್ನು ಯಜಮಾನರು ಹೆಬ್ಬೆರಳಿನ ಮಸಿ ಒರೆಸಿಕೊಳ್ಳುತ್ತ ನೋಡುತ್ತಾರೆ.

ಹೊರಗೆ ಝೆರಾಕ್ಸ್ ಅಂಗಡಿಯ ಮುಂದೆ ಕಮಿಷನ್ನಿನ ಮಾತು ಬರುತ್ತದೆ. ಶೇಕಡಾ ಒಂದರಂತೆ 1 ಲಕ್ಷ 45 ಸಾವಿರ. ಯಜಮಾನರು ಎಟಿಎಂ ಎಲ್ಲಿದೆಯೆಂದು ಅತ್ತಿತ್ತ ನೋಡಿದರೆ ಈತ ನೊಂದವನಂತೆ ತಡೆಯುತ್ತಾನೆ: “ಈಗಿನ ಕಾಲದಲ್ಲಿ ಕ್ಯಾಶ್ ಯಾರು ಮುಟ್ತಾರೆ ಸಾರ್? ಫೋನ್‌ಪೇ ಮಾಡ್ಬಿಡಿ. ದಿನಕ್ಕೆ ಒಂದೇ ಲಕ್ಷ ಹೋಗೋದು, ಉಳಿದಿದ್ದು ನಾಳೆ ಬೆಳಿಗ್ಗೆ ಹಾಕಿ.”