ಶಿಕಾಗೋ ಯಾತ್ರೆಯ ಆಯವ್ಯಯ

ಪ್ರವಾಸದ ಸುಖವೆಲ್ಲವೂ ಪ್ರವಾಸದಲ್ಲಿಯೇ ಇರುವುದೆಂದು ನಂಬಿದವರು, ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಯೌವನವನ್ನೂ ದೃಷ್ಟಿಯನ್ನೂ ಸವೆಸಿ, ಪರರ ಪ್ರಯಾಣಭತ್ಯೆಯ ಬಿಲ್ಲುಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ 'ಸಮರ್ಥನೆ ಸಾಲದು' ಎಂದು ಬರೆಯುವುದರಲ್ಲಿಯೇ ಪರಮಾನಂದವನ್ನು ಕಂಡುಕೊಂಡ ಮನುಷ್ಯನೊಬ್ಬನು, ನಿವೃತ್ತಿಯ ನಂತರ ತನ್ನದೇ ಯಾತ್ರೆಯೊಂದಕ್ಕೆ ಅಂದಾಜು ಪಟ್ಟಿಯನ್ನು ಸಿದ್ಧಪಡಿಸಲು ಕುಳಿತಾಗ ಅನುಭವಿಸುವ ರೋಮಾಂಚನವನ್ನು ಕಂಡರಿಯರು. ಅಂಥ ಮನುಷ್ಯನು ನಾನು. ಮಗಳ ಎರಡನೆಯ ಬಾಣಂತನದ ನಿಮಿತ್ತ ನಾವು ದಂಪತಿಗಳು ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ, ಮುಸುಕಿನ ಜೋಳದ ಹೊಲಗಳ ನಡುವಣ ಬ್ಲೂಮಿಂಗ್ಟನ್ ಪಟ್ಟಣದಲ್ಲಿ ಬಂದಿಳಿದಿದ್ದೆವು. ಹೊರಗೆ ಹಿಮ, ಒಳಗೆ ಶಿಶುವಿನ ರೋದನ, ಕೈಯಲ್ಲಿ ಬೇರೆ ಕೆಲಸವಿಲ್ಲ. ಶಿಕಾಗೋ ನಗರವನ್ನು ಅತ್ಯಲ್ಪ ವೆಚ್ಚದಲ್ಲಿ ನೋಡಿ ಬರಬೇಕೆಂಬ ಸಂಕಲ್ಪವು ಹುಟ್ಟುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಪರಿಸ್ಥಿತಿ ಯಾವುದು?

ಅಲ್ಲಿಂದ ಶಿಕಾಗೋ ಸುಮಾರು 130 ಮೈಲಿ. ಅಳಿಯಂದಿರು ಸಜ್ಜನರು, "ಒಂದು ಶನಿವಾರ ಕಾರಿನಲ್ಲಿ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿಬಿಡುತ್ತೇನೆ, ಮಾವ" ಎಂದರು. ಕಾರನ್ನು ಎಲ್ಲಿ ನಿಲ್ಲಿಸುವಿರೆಂದು ಕೇಳಿದೆನು. ಅವರು ಸ್ಥಳವನ್ನೂ, ಅದಕ್ಕೆ ತೆರಬೇಕಾದ ಒಂದು ರಾತ್ರಿಯ ದರವನ್ನೂ ಹೇಳಿದರು. ಅದನ್ನು ರೂಪಾಯಿಗೆ ಪರಿವರ್ತಿಸಿ ನೋಡಲಾಗಿ, ನಾನು ಚಾಮರಾಜಪೇಟೆಯಲ್ಲಿ ಸಂಸಾರ ಹೂಡಿದ ಕಾಲದ ಒಂದು ವರ್ಷದ ಮನೆಬಾಡಿಗೆಯನ್ನು ಮೀರಿತ್ತು. ಮನುಷ್ಯರು ಮಲಗುವುದಕ್ಕೆ ಕೊಡುವ ಹಣವೇ ಸಾಲದೆಂದು ಕಾರು ಮಲಗುವುದಕ್ಕೂ ಕೊಡಬೇಕೆ? ಲಿಂಕನ್ ಮಹಾಶಯನ ಹೆಸರು ಹೊತ್ತ ರೈಲೊಂದು ನಮ್ಮ ಊರಿನ ಮೂಲಕ ಶಿಕಾಗೋವಿಗೆ ಹೋಗುತ್ತದೆಂದೂ, ನಾವಿಬ್ಬರೇ ಅದರಲ್ಲಿ ಹೋಗುವೆವೆಂದೂ ನಾನು ಆ ಕ್ಷಣವೇ ಘೋಷಿಸಿದೆನು.

ರೈಲಿನ ದರದಲ್ಲಿ ಆಕ್ಷೇಪಾರ್ಹವಾದದ್ದೇನೂ ಇರಲಿಲ್ಲ. ವಸತಿಯ ಅಧ್ಯಾಯವನ್ನು ತೆರೆದ ಮೇಲೆ ಕೆಂಪು ಶಾಯಿಯ ಅಗತ್ಯ ಬಿದ್ದಿತು. ಆ ನಗರದಲ್ಲಿ ಕೋಣೆಯ ಬಾಡಿಗೆಯೆಂದು ಆರಂಭದಲ್ಲಿ ತೋರಿಸುತ್ತಿದ್ದ ಮೊತ್ತವು ಮಂಗಳಾಚರಣೆ ಮಾತ್ರವಾಗಿತ್ತು. ಅದರ ಮೇಲೆ ನೂರಕ್ಕೆ 17ನ್ನು ಮೀರಿದ ತೆರಿಗೆ. ತೆರಿಗೆಯ ಆಚೆಗೆ ಕೆಲವು ಹೋಟೆಲುಗಳು ವಿಧಿಸುವ 'ಸೌಕರ್ಯ ಶುಲ್ಕ'ವೆಂಬ ಇನ್ನೊಂದು ಬಾಬ್ತು. ಯಾವ ಸೌಕರ್ಯವೆಂದು ತಿಳಿಯಲು ಒಂದು ಹೋಟೆಲಿಗೆ ದೂರವಾಣಿ ಮಾಡಿದೆನು. ದಿನವೂ ಎರಡು ಬಾಟಲಿ ನೀರು ಉಚಿತ, ಸ್ಥಳೀಯ ದೂರವಾಣಿ ಕರೆಗಳು ಉಚಿತ ಎಂದು ಮಧುರವಾದ ಸ್ತ್ರೀಕಂಠವು ಉತ್ತರಿಸಿತು. ಉಚಿತವಾದದ್ದಕ್ಕೆ ಶುಲ್ಕ ವಿಧಿಸುವ ಈ ಸೂಕ್ಷ್ಮತತ್ತ್ವವನ್ನು ನಮ್ಮ ಖಜಾನೆಯವರು ಕೂಡ ಕಂಡುಹಿಡಿದಿರಲಿಲ್ಲ. ಅಂಗಡಿಯಲ್ಲಿ ಕೊಳ್ಳುವ ಪದಾರ್ಥಕ್ಕೆ ನೂರಕ್ಕೆ 10ನ್ನು ಮೀರಿದ ಮಾರಾಟ ತೆರಿಗೆ, ಊಟ ಬಡಿಸಿದವರಿಗೆ ನೂರಕ್ಕೆ 18 ಅಥವಾ 20ರಂತೆ ಭಕ್ಷೀಸು. ಇವೆಲ್ಲವನ್ನೂ ಕೂಡಿಸಿದಾಗ ಮೊತ್ತದ ಎದುರಿಗೆ 'ಸಮರ್ಥನೆ ಸಾಲದು' ಎಂದು ಬರೆಯಲು ನನ್ನ ಕೈ ತಾನಾಗಿಯೇ ಹೊರಟಿತು.

ಆದರೆ ಹುಡುಕುವವನಿಗೆ ದೊರೆಯದಿರುವುದುಂಟೆ? ಜನವರಿ ಮತ್ತು ಫೆಬ್ರವರಿ ತಿಂಗಳುಗಳಲ್ಲಿ ಶಿಕಾಗೋವಿನ ಹೋಟೆಲುಗಳ ದರವು ಪಾತಾಳಕ್ಕಿಳಿಯುವುದನ್ನು ಕಂಡು ಹಿಗ್ಗಿ ಅಳಿಯಂದಿರನ್ನು ಕೂಗಿದೆನು.

"ಮಾವ, ಹೊರಗೆ ಕಾಲಿಡಲಾಗುವುದಿಲ್ಲ, ಅದಕ್ಕೇ ಅಗ್ಗ. 2019ರ ಜನವರಿ 30ರಂದು ಅಲ್ಲಿ ಮೈನಸ್ 31 ಡಿಗ್ರಿ ಇತ್ತು."

"ಹೊರಗೆ ಕಾಲಿಡದಿದ್ದರೆ ಖರ್ಚೂ ಆಗುವುದಿಲ್ಲವಲ್ಲ" ಎಂದೆನು. ಅಳಿಯಂದಿರು ಮಾತನಾಡದೆ ಎದ್ದು ಹೋದರು. ತರ್ಕದಲ್ಲಿ ಸೋತವರು ಹಾಗೆ ಎದ್ದು ಹೋಗುವುದನ್ನು ಕಚೇರಿಯಲ್ಲಿಯೂ ಕಂಡಿದ್ದೇನೆ.

ಶಿಕಾಗೋ ದುಬಾರಿಯೆಂದು ಕಂಡುಕೊಂಡ ಭಾರತೀಯರಲ್ಲಿ ನಾನು ಮೊದಲಿಗನೇನೂ ಅಲ್ಲ. ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ, ಜಪಾನನ್ನು ಸುತ್ತಿ, ಜುಲೈ ಕೊನೆಯ ಹೊತ್ತಿಗೆ ಶಿಕಾಗೋ ಸೇರಿದರು. ಸರ್ವಧರ್ಮ ಸಮ್ಮೇಳನವು ಸೆಪ್ಟೆಂಬರಿನವರೆಗೂ ನೆರೆಯುವುದಿಲ್ಲವೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಕೈಯಲ್ಲಿದ್ದ ಹಣವು ಹಿಮದೋಪಾದಿಯಲ್ಲಿ ಕರಗುತ್ತಿದ್ದುದರಿಂದ, ವೆಚ್ಚ ಕಡಮೆಯೆಂದು ಕೇಳಿ ಬಾಸ್ಟನ್ನಿನ ಕಡೆಗೆ ರೈಲು ಹತ್ತಿದರು. ಮರಳಿ ಬಂದಾಗ ವಿಳಾಸವು ಕಳೆದುಹೋಗಿದ್ದುದರಿಂದ ರೈಲ್ವೆಯ ಸರಕಿನ ಅಂಗಳದಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಮನೆಮನೆಯ ಬಾಗಿಲಲ್ಲಿ ತಿರಸ್ಕೃತರಾಗಿ, ಬೀದಿಯ ಬದಿಯಲ್ಲಿ ಕುಳಿತಿದ್ದಾಗ ಎದುರು ಮನೆಯ ಹೇಲ್ ಎಂಬ ತಾಯಿ ಒಳಕ್ಕೆ ಕರೆದು ಉಪಚರಿಸಿದಳು. ಈ ವೃತ್ತಾಂತವನ್ನು ನಾನು ಗದ್ಗದನಾಗಿ ಹೇಳಿ ಮುಗಿಸಿದಾಗ ಮಗಳು, "ಅಪ್ಪಾ, ನೀವೂ ಸ್ಟೇಷನ್ನಿನಲ್ಲಿಯೇ ಮಲಗುವ ಯೋಚನೆಯಲ್ಲಿಲ್ಲ ತಾನೆ?" ಎಂದಳು. ಶಿಕಾಗೋದ ಯೂನಿಯನ್ ಸ್ಟೇಷನ್ನಿನ ಮಹಾಸಭಾಂಗಣದ ವಿಶಾಲವಾದ ಮರದ ಬೆಂಚುಗಳ ಛಾಯಾಚಿತ್ರವನ್ನು ನಾನು ಹಿಂದಿನ ರಾತ್ರಿಯೇ ನೋಡಿದ್ದೆನಾದ್ದರಿಂದ ಉತ್ತರ ಕೊಡುವುದು ತಡವಾಯಿತು.

ಇನ್ನು ನಕ್ಷೆಯ ಪ್ರಸಂಗ. ಶಿಕಾಗೋವಿನ ನಕ್ಷೆಯನ್ನು ಬಿಡಿ ಹಾಳೆಗಳಲ್ಲಿ ಮುದ್ರಿಸಿ ತರಿಸಿ, ಗೋಂದು ಹಚ್ಚಿ ಜೋಡಿಸಿ, ಊಟದ ಮೇಜಿನ ಮೇಲೆ ಹಾಸಿದೆನು. ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಸ್ಥಳವೇ ಅಲ್ಲಿ ಸೊನ್ನೆ. ಅಲ್ಲಿಂದ ನಾಲ್ಕು ದಿಕ್ಕಿಗೂ ಮನೆಯ ಸಂಖ್ಯೆಗಳು ಏರುತ್ತ ಹೋಗಿ 800 ಆಯಿತೆಂದರೆ ಒಂದು ಮೈಲಿ. ರೈಲಿಳಿಯುವ ಕೆನಾಲ್ ಬೀದಿಯು ಪಶ್ಚಿಮಕ್ಕೆ 500, ಮಿಶಿಗನ್ ಅವೆನ್ಯೂ ಪೂರ್ವಕ್ಕೆ 100. ಕೂಡಿದರೆ 600, ಅಂದರೆ ಮುಕ್ಕಾಲು ಮೈಲಿ. ಆದುದರಿಂದ ಬಸ್ಸು ಬೇಡ. ಖಾತೆಪುಸ್ತಕದ ಹಾಳೆಯಂತೆ ಗೆರೆ ಎಳೆದುಕೊಂಡು ಮಲಗಿರುವ ಆ ಊರಿನ ಮೇಲೆ, ಇನ್ನೂ ಅದನ್ನು ಕಾಣುವ ಮೊದಲೇ, ನನಗೆ ವೃತ್ತಿಬಾಂಧವ್ಯದ ಪ್ರೀತಿಯುಂಟಾಯಿತು.

ಶುಲ್ಕವಿರುವ ಸ್ಥಳಗಳಿಗೆ ಒಂದೊಂದು ಗೋಡಂಬಿಯನ್ನೂ, ಶುಲ್ಕವಿಲ್ಲದವುಗಳಿಗೆ ಒಂದೊಂದು ಕಡಲೆಕಾಯಿ ಬೀಜವನ್ನೂ ಇಡುವುದೆಂದು ನಿಯಮ ಮಾಡಿಕೊಂಡೆನು. ಬೆಲೆಗೆ ತಕ್ಕ ಬೀಜವೆಂಬುದು ಅದರ ತತ್ತ್ವ. 1868ರಿಂದ ನಡೆದು ಬಂದು ಇಂದಿಗೂ ಕಾಸು ಕೇಳದ ಲಿಂಕನ್ ಪಾರ್ಕಿನ ಮೃಗಾಲಯಕ್ಕೆ ಕಡಲೆಬೀಜ. 1897ರಲ್ಲಿ ಗ್ರಂಥಾಲಯವೆಂದು ಕಟ್ಟಿದ, ಬಣ್ಣದ ಗಾಜಿನ ಗುಮ್ಮಟವಿರುವ ಸಾಂಸ್ಕೃತಿಕ ಭವನಕ್ಕೆ ಕಡಲೆಬೀಜ. ಬಕಿಂಗ್‌ಹ್ಯಾಮ್ ಕಾರಂಜಿಗೆ ಕಡಲೆಬೀಜ. ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರರು 168 ಉಕ್ಕಿನ ಫಲಕಗಳನ್ನು ಬೆಸೆದು ನಿರ್ಮಿಸಿದ, 110 ಟನ್ ತೂಕದ, ಊರಿನವರೆಲ್ಲರೂ 'ಬೀನ್' ಎಂದೇ ಕರೆಯುವ ಶಿಲ್ಪದ ಸರದಿ ಬಂದಾಗ ಮಾತ್ರ ಕಡಲೆಬೀಜವನ್ನಿಡಲು ಅಂತಃಸಾಕ್ಷಿ ಒಪ್ಪಲಿಲ್ಲ. ಫ್ರೀಜರಿನೊಳಗಿದ್ದ ಪೊಟ್ಟಣದಿಂದ ಒಂದು ಅವರೆಕಾಳನ್ನು ತಂದು, ಅದರ ಬಾಗು ಉತ್ತರಾಭಿಮುಖವೋ ದಕ್ಷಿಣಾಭಿಮುಖವೋ ಎಂದು ಚಿತ್ರಗಳೊಡನೆ ಹೋಲಿಸಿ ಪ್ರತಿಷ್ಠಾಪಿಸಿದೆನು. ಅದು ಕರಗಿ, ಆ ಶಿಲ್ಪವಿರುವ ಮಿಲೇನಿಯಂ ಪಾರ್ಕು ಜಲಾವೃತವಾಯಿತು.

ಗೋಡಂಬಿಗಳನ್ನು ಇಟ್ಟು ಮುಗಿಸುತ್ತಿದ್ದಂತೆ ಮೊಮ್ಮಗನು ಕುರ್ಚಿಯನ್ನೇರಿ, "ತಾತ, ಇದೇನು?" ಎಂದು ಬೆರಳಿಟ್ಟು ಕೇಳಿದನು. ಫೀಲ್ಡ್ ವಸ್ತುಸಂಗ್ರಹಾಲಯವೆಂದೂ, ಅದರೊಳಗೆ 'ಸೂ' ಎಂಬ ಹೆಸರಿನ ಮಹಾ ಡೈನೋಸಾರಿನ ಅಸ್ಥಿಪಂಜರವಿದೆಯೆಂದೂ ವಿವರಿಸಿದೆನು. 6 ಕೋಟಿ 70 ಲಕ್ಷ ವರ್ಷಗಳಷ್ಟು ಕಾಲ ಭೂಗರ್ಭದಲ್ಲಿ ಅಕ್ಷತವಾಗಿದ್ದು, 1990ರಲ್ಲಿ ದಕ್ಷಿಣ ಡಕೋಟದಲ್ಲಿ ಬೆಳಕಿಗೆ ಬಂದು, 1997ರ ಹರಾಜಿನಲ್ಲಿ 83 ಲಕ್ಷ ಡಾಲರನ್ನು ಮೀರಿದ ಬೆಲೆಗೆ ಮಾರಾಟವಾದ ಆ ಜೀವಿಯನ್ನು ನನ್ನ ಮೊಮ್ಮಗನು ಒಂದೇ ತುತ್ತಿಗೆ ನುಂಗಿದನು. ನಾನು ತಡೆಯುವ ಮೊದಲೇ ನೆರೆಯಲ್ಲಿದ್ದ ಷೆಡ್ ಮತ್ಸ್ಯಾಲಯವನ್ನು ಅದರ ಸಮಸ್ತ ಮೀನುಗಳ ಸಹಿತ ಬಾಯಿಗೆ ಹಾಕಿಕೊಂಡನು. ಹುಟ್ಟಿದಾರಭ್ಯ ಸಸ್ಯಾಹಾರಿಯಾದ ಮಗು! ಗಲಾಟೆ ಕೇಳಿ ಒಗ್ಗರಣೆಯ ಸೌಟನ್ನು ಹಿಡಿದೇ ಬಂದ ಮನೆಯಾಕೆಯು, "ಏನ್ರೀ ಇದು, ಮೇಜೆಲ್ಲ ಹರವಿದ್ದೀರಿ?" ಎಂದು ಕೇಳುತ್ತ, 110 ಅಂತಸ್ತುಗಳ, 442 ಮೀಟರ್ ಎತ್ತರದ ವಿಲಿಸ್ ಗೋಪುರವನ್ನು ಅನ್ಯಮನಸ್ಕಳಾಗಿ ಅಗಿದು, "ಪರವಾಗಿಲ್ಲ, ಮುಗ್ಗಿಲ್ಲ" ಎಂದು ಪ್ರಮಾಣಪತ್ರವನ್ನೂ ಕೊಟ್ಟಳು. ಮಗಳು ಕೂಸನ್ನು ತಟ್ಟುತ್ತ ಬಂದು ಕಲಾಸಂಸ್ಥೆಯನ್ನು ಮುಗಿಸಿದಳು. ನದಿಯ ದೋಣಿವಿಹಾರವೊಂದು ಉಳಿದಿತ್ತು. ಕಚೇರಿಯಿಂದ ಬಂದ ಅಳಿಯಂದಿರು ಅದನ್ನು ಕಾಫಿಯ ಜೊತೆಗೆ ತೆಗೆದುಕೊಂಡರು. ಒಂದು ಕಡಲೆಬೀಜವನ್ನಾದರೂ ಯಾರೂ ಮುಟ್ಟಲಿಲ್ಲ. ಪ್ರವೇಶಶುಲ್ಕದ ಬಾಬ್ತು ಒಂದು ಸಂಜೆಯೊಳಗೆ ನಿಶ್ಶೇಷವಾಯಿತು. ಮಿತವ್ಯಯವನ್ನು ಸಾಧಿಸುವುದರಲ್ಲಿ ನನ್ನ ಕೆಂಪು ಶಾಯಿಯು ವರ್ಷಗಟ್ಟಲೆ ಮಾಡಲಾರದುದನ್ನು ಕುಟುಂಬದ ಹಸಿವು ಮಾಡಿತ್ತು.

ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ನೆರೆದಿದ್ದ ಕನ್ನಡ ಬಂಧುಗಳಲ್ಲಿ ನಾನು ಸಲಹೆ ಕೇಳಬಾರದಾಗಿತ್ತು. ಪ್ರತಿಯೊಬ್ಬರಿಗೂ ಒಂದೊಂದು ಸ್ಥಳವಿತ್ತು. ಅದನ್ನು ನೋಡದಿದ್ದರೆ ಶಿಕಾಗೋವನ್ನು ನೋಡಿದಂತೆಯೇ ಅಲ್ಲವಂತೆ. ದರ ಮಾತ್ರ ಯಾರ ನೆನಪಿನಲ್ಲಿಯೂ ಇರಲಿಲ್ಲ. ಒಬ್ಬ ಮಹನೀಯರು ವಿಲಿಸ್ ಗೋಪುರದ 103ನೆಯ ಅಂತಸ್ತಿನಲ್ಲಿ, ಗೋಡೆಯಿಂದ ಹೊರಚಾಚಿದ ಗಾಜಿನ ಪೆಟ್ಟಿಗೆಯೊಳಗೆ ನಿಂತದ್ದನ್ನು ವರ್ಣಿಸಿದರು. ಕೆಳಗೆ ಏನು ಕಂಡಿತೆಂದು ಕೇಳಿದೆನು. "ಕಣ್ಣು ಮುಚ್ಚಿಕೊಂಡಿದ್ದೆ, ಆದರೆ ಫೋಟೋ ಬಹಳ ಚೆನ್ನಾಗಿ ಬಂದಿದೆ" ಎಂದರು. ಮೈಸೂರಿನಲ್ಲಿ ಹುಟ್ಟಿ, ಅರುವತ್ತರ ದಶಕದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತ ಕನ್ನಡದಲ್ಲಿ ಕವಿತೆ ಬರೆದ ಎ. ಕೆ. ರಾಮಾನುಜನ್ ಅವರ ನೆನಪಿನಲ್ಲಿ, ಆ ವಿಶ್ವವಿದ್ಯಾನಿಲಯವಿರುವ ಹೈಡ್ ಪಾರ್ಕಿನ ಬೀದಿಗಳಲ್ಲೊಮ್ಮೆ ಅಡ್ಡಾಡಿ ಬನ್ನಿರೆಂದು ಅಷ್ಟು ಜನರಲ್ಲಿ ಒಬ್ಬರಾದರೂ ಹೇಳಲಿಲ್ಲ. ಅದಕ್ಕೆ ಟಿಕೀಟಿಲ್ಲ, ಪ್ರಾಯಶಃ ಅದೇ ಅದರ ದೋಷ.

ಮನೆಗೆ ಬಂದು ಸಿಟ್ಟಿನಿಂದ ನಕ್ಷೆಯ ಮುಂದೆ ಕುಳಿತಿದ್ದಾಗ ಮನೆಯಾಕೆಯು ಬಲಗಡೆಯ ಹಾಳೆಗಳನ್ನು ತೋರಿಸಿ, "ಇಷ್ಟಗಲ ನೀಲಿ ಇದೆಯಲ್ಲ, ಇಲ್ಲಿ ಏನೂ ಇಟ್ಟೇ ಇಲ್ಲವಲ್ಲ?" ಎಂದಳು.

"ಅದು ಮಿಶಿಗನ್ ಸರೋವರ, 58,000 ಚದರ ಕಿಲೋಮೀಟರು, ಕರ್ನಾಟಕದ ನೂರಕ್ಕೆ 30 ಪಾಲು."

"ಅದಕ್ಕೆಷ್ಟು ಟಿಕೀಟು?"

"ಅದಕ್ಕೇನಿಲ್ಲ. ದಂಡೆಯ ಮೇಲೆ 18 ಮೈಲಿ ಕಾಲುದಾರಿಯುಂಟು. ಎಷ್ಟು ಬೇಕಾದರೂ ನಡೆಯಬಹುದು."

"ಮತ್ತೆ ಇಷ್ಟು ದಿನ ಗೋಡಂಬಿ ಯಾಕೆ ಹಾಳು ಮಾಡಿದಿರಿ?"

ಈ ಆಕ್ಷೇಪಣೆಗೆ ಸಮಜಾಯಿಷಿ ಹುಡುಕುತ್ತ ಆ ನೀಲಿಯ ಇತಿಹಾಸವನ್ನು ಓದತೊಡಗಿದೆನು. ನಗರವು ಇನ್ನೂ ಕೆಸರಿನ ಹಳ್ಳಿಯಾಗಿದ್ದ 1836ರಲ್ಲಿ, ನಕ್ಷೆಯನ್ನು ಬರೆದ ಅಧಿಕಾರಿಗಳು ದಂಡೆಯ ಒಂದು ಭಾಗದ ಮೇಲೆ, ಇದು ಸಾರ್ವಜನಿಕರ ನೆಲ, ಇಲ್ಲಿ ಎಂದೆಂದಿಗೂ ಕಟ್ಟಡ ಕೂಡದು ಎಂಬರ್ಥದ ಷರಾ ಬರೆದಿದ್ದರಂತೆ. ಷರಾ! ನನ್ನ ವೃತ್ತಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಕೇಳಿಲ್ಲ. ಅಂಚೆಯ ಮೂಲಕ ಸಕಲ ವಸ್ತುಗಳನ್ನೂ ಬೆಲೆಪಟ್ಟಿಯ ಪ್ರಕಾರ ಮಾರಿ ಶ್ರೀಮಂತನಾದ ಮಾಂಟ್ಗೊಮರಿ ವಾರ್ಡ್ ಎಂಬ ವರ್ತಕನು ಆ ಷರಾವನ್ನೇ ಹಿಡಿದು 1890ರಿಂದ 1911ರವರೆಗೆ ನ್ಯಾಯಾಲಯದಲ್ಲಿ ಹೋರಾಡಿ, ಆ ದಂಡೆಯ ಉದ್ಯಾನವನ್ನು ಕಟ್ಟಡಗಳ ಆಕ್ರಮಣದಿಂದ ಉಳಿಸಿದನು. ಬೆಲೆಪಟ್ಟಿಯಿಂದ ಬದುಕಿದವನು ಬೆಲೆಯಿಲ್ಲದ ಒಂದನ್ನು ಕಾಯುವುದಕ್ಕಾಗಿ ತನ್ನ ಹಣವನ್ನೂ ನೆರೆಹೊರೆಯ ಸ್ನೇಹವನ್ನೂ ವ್ಯಯಿಸಿದನು.

ಓದನ್ನು ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಪಟ್ಟಿಯು ಸುಖಾಂತವಾಗುತ್ತಿತ್ತು. ಅದೇ ಸರೋವರದ ದಕ್ಷಿಣದ ದಂಡೆಯಲ್ಲಿ, 29ನೆಯ ಬೀದಿಯ ಬಳಿ, ಬಿಳಿಯರ ಸ್ನಾನಕ್ಕೊಂದು ಕರಿಯರ ಸ್ನಾನಕ್ಕೊಂದು ಎಂದು ನೀರನ್ನು ಜನರು ಮನಸ್ಸಿನಲ್ಲಿಯೇ ಪಾಲು ಮಾಡಿಕೊಂಡಿದ್ದರು. 1919ರ ಜುಲೈ 27ರ ಬಿಸಿಲಿನಲ್ಲಿ ತೆಪ್ಪವೊಂದರ ಮೇಲೆ ಆಡುತ್ತಿದ್ದ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕರಿಯ ಹುಡುಗನು ಆ ಗಡಿಯನ್ನು ದಾಟಿ ತೇಲಿಹೋದನು, ಅವನ ಮೇಲೆ ಕಲ್ಲು ಬಿದ್ದಿತು, ಅವನು ಮುಳುಗಿದನು. ಆಮೇಲೆ ಭುಗಿಲೆದ್ದ ಗಲಭೆಯಲ್ಲಿ 38 ಜನರು ಸತ್ತರು. ನೀರಿನ ಮೇಲೆ ಎಳೆದ ಗೆರೆ ನಿಲ್ಲುವುದಿಲ್ಲವೆನ್ನುತ್ತಾರೆ ನಮ್ಮ ಹಿರಿಯರು, ಅಲ್ಲಿ ನಿಂತಿತ್ತು. ಟಿಕೀಟಿಲ್ಲ ಎಂದ ಮಾತ್ರಕ್ಕೆ ಎಲ್ಲರಿಗೂ ಉಚಿತವೆಂದು ಲೆಕ್ಕಿಗನು ಬರೆಯಬಾರದೆಂಬುದನ್ನು ವೃದ್ಧಾಪ್ಯದಲ್ಲಿ ಕಲಿತೆನು. ನೀಲಿಯ ಮೇಲೆ ಇಡಲು ಕೈಯಲ್ಲಿ ಹಿಡಿದಿದ್ದ ಬೀಜವನ್ನು ಡಬ್ಬಿಗೆ ಹಾಕಿದೆನು.

ಆದರೂ ಸ್ವಭಾವವು ಎಲ್ಲಿಗೆ ಹೋದೀತು? ಮರುದಿನ ನನಗೆ ಹೊಸದೊಂದು ಸತ್ಯ ಹೊಳೆಯಿತು. ಮುಖ್ಯವಾದದ್ದು ಸರೋವರವೇ ಆದ ಪಕ್ಷದಲ್ಲಿ, ಅದೇ ಸರೋವರದ ದಂಡೆಯಲ್ಲಿ ಉತ್ತರಕ್ಕೆ ಸುಮಾರು 90 ಮೈಲಿಯ ದೂರದಲ್ಲಿ ಮಿಲ್ವಾಕೀ ಎಂಬ ಚಿಕ್ಕ ನಗರವುಂಟು. ಶಿಕಾಗೋದಿಂದ ಒಂದೂವರೆ ಗಂಟೆಯ ರೈಲು. ಗಾಡಿ ಬದಲಾಯಿಸಬೇಕಾದದ್ದು ಶಿಕಾಗೋದ ಯೂನಿಯನ್ ಸ್ಟೇಷನ್ನಿನಲ್ಲಿಯೇ ಆದ್ದರಿಂದ, ಮಿಲ್ವಾಕೀಗೆ ಹೋಗುವವರಿಗೆ ಶಿಕಾಗೋ ದರ್ಶನವು ಒಂದು ಕಾಸಿನ ಅಧಿಕ ವೆಚ್ಚವೂ ಇಲ್ಲದೆ ಮಾರ್ಗಮಧ್ಯದಲ್ಲಿಯೇ ಲಭಿಸುತ್ತದೆ. ಈ ಪರಿಷ್ಕೃತ ಪಟ್ಟಿಯನ್ನು ಜಯಘೋಷದೊಂದಿಗೆ ಮನೆಯಾಕೆಯ ಮುಂದಿಟ್ಟೆನು.

ಅವಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ತಲೆಯೆತ್ತದೆ, "ಒಳ್ಳೆಯದಾಯಿತು. ನಾನು ಶಿಕಾಗೋದಲ್ಲಿ ಇಳಿದುಕೊಳ್ಳುತ್ತೇನೆ, ನೀವು ಮುಂದಕ್ಕೆ ಹೋಗಿ. ಕೆರೆ ಒಂದೇ ತಾನೆ? ಆ ದಡದಿಂದ ಕೈ ಬೀಸಿ, ಈ ದಡದಲ್ಲಿ ನೋಡಿಕೊಳ್ಳುತ್ತೇನೆ" ಎಂದಳು.

ಎರಡು ಊರು, ಎರಡು ಕೋಣೆ, ಎರಡು ಕಡೆಯ ತೆರಿಗೆ. ವೆಚ್ಚವು ತತ್ಕ್ಷಣ ಇಮ್ಮಡಿಸಿತು. ವೃತ್ತಿಯಲ್ಲಿದ್ದಷ್ಟು ಕಾಲವೂ ಇಂಥ ಸಮರ್ಥವಾದ ಆಕ್ಷೇಪಣೆಯನ್ನು ನಾನೇ ಬರೆದಿರಲಿಲ್ಲ. ಜೂನ್ ತಿಂಗಳಿಗೆ, ಶಿಕಾಗೋದಲ್ಲಿಯೇ, ಒಂದೇ ಕೋಣೆಗೆ, ಸೌಕರ್ಯ ಶುಲ್ಕ ಸಹಿತವಾಗಿ ಮಂಜೂರು ಮಾಡಿ ಸಹಿ ಹಾಕಿದೆನು; ಪ್ರತಿದಿನದ ಎರಡು ಬಾಟಲಿ ನೀರನ್ನು ತಪ್ಪದೆ ವಸೂಲು ಮಾಡತಕ್ಕದ್ದೆಂದು ಅಂಚಿನಲ್ಲಿ ಷರಾ ಬರೆದೆನು.