ಸುರಕ್ಷಿತವಾಗಿ ಸತ್ತ ಕಂಪ್ಯೂಟರ್

ಕಂಪ್ಯೂಟರ್ ಕೆಟ್ಟಿದೆ ಎಂದು ಯಾರೂ ಅನ್ನಬೇಡಿ. ಅದು ಅಪ್‌ಡೇಟ್ ಆಗಿದೆ. ನಿನ್ನೆಯವರೆಗೆ ಅದರೊಳಗೆ ಕಳ್ಳರು ನುಗ್ಗಬಹುದಿತ್ತಂತೆ. ಇವತ್ತು ಮಾಲೀಕನೂ ನುಗ್ಗಲಾರ. ಇಷ್ಟು ಭದ್ರತೆ ವಿಧಾನಸೌಧಕ್ಕೂ ಇಲ್ಲ.

ಚಾಮರಾಜಪೇಟೆಯ ಡಿಟಿಪಿ ಅಂಗಡಿಗಳಿಗೆ ಈ ಭದ್ರತೆ ಒದಗುವುದು ಹೆಚ್ಚಾಗಿ ಲಗ್ನದ ಸೀಸನ್ನಿನಲ್ಲಿ. ಇಲ್ಲಿನ ಎಷ್ಟೋ ಯಂತ್ರಗಳ ಹೊಟ್ಟೆಯಲ್ಲಿ ಇನ್ನೂ ಪೇಜ್‌ಮೇಕರ್ ಕೂತಿದೆ. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು. ಅದರ ಜೊತೆಗೆ ಯುನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳು. ಅಣ್ಣನ ಮದುವೆಯ ಫೈಲ್ ತೆಗೆದು, ಹೆಸರು ತಿದ್ದಿ, ಅದೇ ಗಣಪತಿಯ ಕೆಳಗೆ ತಮ್ಮನ ಮದುವೆಯನ್ನೂ ಅಚ್ಚಿಗೆ ಕಳಿಸುವ ಏರ್ಪಾಡು ಇದು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಪ್‌ಡೇಟನ್ನೇ ಕಾಣದ ತಂತ್ರಾಂಶ ಯಾರ ಮದುವೆಯನ್ನೂ ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ರಾತ್ರೋರಾತ್ರಿ ಹೊಸದಾದ ಬಯಾಸ್.

ಬಯಾಸ್ ಎಂದರೆ ಮದರ್‌ಬೋರ್ಡಿನ ಮೇಲೆ, ಸಾಮಾನ್ಯವಾಗಿ ಎಂಟು ಕಾಲಿನ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟ ಮೊದಲ ಪಾಠ. ಪವರ್ ಬಟನ್ ಒತ್ತಿದೊಡನೆ ಏಳುವುದು ಅದೇ. ರ‍್ಯಾಮ್, ಡಿಸ್ಕ್, ಕೀಬೋರ್ಡ್ ಎಲ್ಲರ ಹಾಜರಿ ತೆಗೆದು, ಆಮೇಲೆ ವಿಂಡೋಸನ್ನು ಎಬ್ಬಿಸುತ್ತದೆ. ಹಿಂದೆ ಇದನ್ನು ಬದಲಿಸಬೇಕಾದರೆ ಗೊತ್ತಿದ್ದವರು ಹೆದರಿ ಹೆದರಿ ಕೈಹಾಕುತ್ತಿದ್ದರು. ಈಗ ಎಷ್ಟೋ ಯಂತ್ರಗಳಲ್ಲಿ ಅದು ವಿಂಡೋಸ್ ಅಪ್‌ಡೇಟಿನ ಜೊತೆಯಲ್ಲೇ ಬಂದು, ರೀಸ್ಟಾರ್ಟ್ ಒತ್ತಿದ ಮೇಲೆ ಒಂದು ಸಾಲು ತೋರಿಸುತ್ತದೆ: ವಿದ್ಯುತ್ ಕಡಿತ ಮಾಡಬೇಡಿ.

ಈ ಮಾತು ಹೇಳಬೇಕಾದದ್ದು ಬೆಸ್ಕಾಂಗೆ. ಹೇಳುತ್ತಿರುವುದು ಗಿರಾಕಿಗೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಮೊದಲು ಬಂದದ್ದು 1905ರ ಆಗಸ್ಟ್ 5ರಂದು, ಇದೇ ಪೇಟೆಯ ಮಗ್ಗುಲಲ್ಲಿ, ಈಗ ಕೆ.ಆರ್. ಮಾರ್ಕೆಟ್ ಇರುವ ಜಾಗದಲ್ಲಿ. ಬಂದ ಕರೆಂಟು ಹೋಗದಂತೆ ನೋಡಿಕೊಳ್ಳುವ ವಿದ್ಯೆ ಇನ್ನೂ ಬಂದಿಲ್ಲ. ಚಿಪ್ಪಿನ ಹಳೆಯ ಬರಹ ಅಳಿಸಿ ಹೊಸದು ಅರ್ಧ ಬರೆದಾಗ ಕರೆಂಟು ಹೋದರೆ ಯಂತ್ರಕ್ಕೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಕಪ್ಪು.

ಇನ್ನು ವೈದ್ಯರ ಸರದಿ. ಪಕ್ಕದ ಜೆರಾಕ್ಸ್ ಅಂಗಡಿಯವನು ಮೊದಲು ಬರುತ್ತಾನೆ. “ರ‍್ಯಾಮ್ ಕಿತ್ತು ರಬ್ಬರಲ್ಲಿ ಉಜ್ಜಿ ಹಾಕು ಗುರೂ.” ರ‍್ಯಾಮಿನ ಕಾಲಿಗೆ ಕಿಲುಬು ಹಿಡಿದಿದ್ದರೆ ಇದು ಒಳ್ಳೆಯ ಮದ್ದೇ. ಆದರೆ ರಬ್ಬರಿನಿಂದ ಅಳಿಸಿದ ಮಾತ್ರಕ್ಕೆ ಚಿಪ್ಪಿನಲ್ಲಿ ಬರಹ ಮೂಡುವುದಿಲ್ಲ. ಎರಡನೆಯವನು ಸರ್ವರೋಗಕ್ಕೂ ಒಂದೇ ಗುಳಿಗೆ ಕೊಡುವವನು: “ಫಾರ್ಮ್ಯಾಟ್ ಹೊಡೆದುಬಿಡಿ ಸಾರ್.” ಬಯಾಸ್ ಇರುವುದು ಮದರ್‌ಬೋರ್ಡಿನಲ್ಲಿ, ಇವನು ಅಳಿಸಹೊರಟಿರುವುದು ಡಿಸ್ಕನ್ನು. ಇಡೀ ಯಂತ್ರದಲ್ಲಿ ನೆಟ್ಟಗೆ ಉಳಿದಿರುವ ಆಸ್ತಿ ಎಂದರೆ ಆ ಡಿಸ್ಕಿನ ಫೈಲುಗಳೇ. ಮೂರನೆಯದು ಕಂಪನಿಯ ಸಹಾಯವಾಣಿ. ಅಲ್ಲಿನ ಹುಡುಗಿ ಬಹಳ ವಿನಯದಿಂದ ಕೇಳುತ್ತಾಳೆ: “ಹೊಸ ಬಯಾಸ್‌ಗೆ ಅಪ್‌ಡೇಟ್ ಮಾಡಿ ನೋಡಿದ್ರಾ ಸಾರ್?”

ನಿಜವಾದ ಚಿಕಿತ್ಸೆಯಲ್ಲಿ ಇಷ್ಟು ನಾಟಕವಿಲ್ಲ. ಮೊದಲು ಕಾಯಬೇಕು. ಹೊಸ ಬಯಾಸ್ ಮೊದಲ ಸಲ ಏಳುವಾಗ ಕೆಲವು ಯಂತ್ರಗಳು ರ‍್ಯಾಮನ್ನು ಮತ್ತೆ ಅಳೆಯುತ್ತ ಹಲವು ನಿಮಿಷ ಕಪ್ಪಗೇ ಕೂರುತ್ತವೆ. ಆಗ ಬಟನ್ ಒತ್ತಿ ಸಾಯಿಸಿದರೆ ಪಾಪ ನಮ್ಮದು. ಕಾದರೂ ಏಳದಿದ್ದರೆ ವಯರು ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಅದುಮಿ ಹಿಡಿದು, ಸಿಆರ್2032 ಎಂಬ ಮೂರು ವೋಲ್ಟಿನ ಬಿಲ್ಲೆ ಸೆಲ್ಲನ್ನು ತೆಗೆದು ಹಾಕಿ ನೋಡುವುದು. ಇದರಿಂದ ಸೆಟ್ಟಿಂಗ್ ಮಾತ್ರ ಮೊದಲಿನಂತಾಗುತ್ತದೆ. ಬರಹವೇ ಕೆಟ್ಟಿದ್ದರೆ ಪೆನ್‌ಡ್ರೈವಿನಲ್ಲಿ ಸರಿಯಾದ ಫೈಲ್ ಇಟ್ಟು, ಆ ಸೌಲಭ್ಯವಿರುವ ಬೋರ್ಡುಗಳಲ್ಲಿ ಬಯಾಸನ್ನು ಮರಳಿ ಬರೆಸಬಹುದು. ಅದೂ ಇಲ್ಲವೆಂದರೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡು. ಅಲ್ಲಿ ಚಿಪ್ಪಿಗೆ ಕ್ಲಿಪ್ಪು ಕಚ್ಚಿಸಿ, ಅಂಗೈಯಗಲದ ಪ್ರೋಗ್ರಾಮರಿನಿಂದ ಬರೆದುಕೊಡುವವರಿದ್ದಾರೆ.

ಯಂತ್ರ ಎದ್ದಿತೆಂದು ಹಿಗ್ಗಿದರೆ ನೀಲಿ ಪರದೆಯೊಂದು ಡಿಸ್ಕಿಗೆ ಹಾಕಿದ ಬಿಟ್‌ಲಾಕರ್ ಬೀಗದ 48 ಅಂಕಿಗಳ ಕೀಲಿ ಕೇಳಬಹುದು. ಬಯಾಸ್ ಬದಲಾದ್ದರಿಂದ ಅದಕ್ಕೆ ನಿಮ್ಮ ಮೇಲೆ ಸಂಶಯ. ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆ. ಖಾತೆ ತೆರೆದುಕೊಟ್ಟ ತಂಗಿಯ ಮಗ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ಈಗ ನಡುರಾತ್ರಿ.

ಹಿಂದೆ ಬಯಾಸ್ ಕೆಡಿಸಲು ವೈರಸ್ಸೇ ಬರಬೇಕಿತ್ತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಮೇಲೆ ಎರಗಿ, ಡಿಸ್ಕನ್ನು ಅಳಿಸಿ, ಸಾಧ್ಯವಾದಲ್ಲೆಲ್ಲ ಬಯಾಸ್‌ಗೂ ಕಸ ತುಂಬಿತು. ಅದನ್ನು ಬರೆದವನು ತೈವಾನಿನ ಒಬ್ಬ ವಿದ್ಯಾರ್ಥಿ. ಪೊಲೀಸರು ಅವನನ್ನು ಹುಡುಕಿ ವಿಚಾರಿಸಿದರು. ಈಗ ಕೆಟ್ಟ ಅಪ್‌ಡೇಟು ಡಿಜಿಟಲ್ ಸಹಿಯೊಂದಿಗೆ ಬರುತ್ತದೆ. ಸಹಿ ಇರುವುದರಿಂದ ಪೊಲೀಸರಿಗೆ ಕೆಲಸವಿಲ್ಲ. ಲೈಸೆನ್ಸಿನ ತುದಿಯಲ್ಲಿ “ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ” ಎಂದು ಬರೆದಿರುವುದರಿಂದ ಗ್ರಾಹಕನಿಗೆ ಮಾತೂ ಇಲ್ಲ. ಹಳೆಯ ಬಯಾಸ್‌ಗೇ ಮರಳುತ್ತೇನೆ ಎಂದರೆ ಅನೇಕ ಯಂತ್ರಗಳು ಬಿಡುವುದಿಲ್ಲ. ಅದಕ್ಕೂ ಭದ್ರತೆಯೇ ಕಾರಣ.

ಅಪ್‌ಡೇಟೇ ಬೇಡವೆನ್ನುವಂತೆಯೂ ಇಲ್ಲ. ಯಂತ್ರ ಏಳುವಾಗ ಕಂಪನಿಗಳು ಮೆರೆಸುವ ಲಾಂಛನವಿದೆಯಲ್ಲ, ಆ ಚಿತ್ರವನ್ನು ಓದುವ ಕೋಡಿನಲ್ಲೇ ಕನ್ನ ಹಾಕಬಹುದೆಂದು 2023ರ ಡಿಸೆಂಬರಿನಲ್ಲಿ ಬಯಲಾಯಿತು. ಲೋಗೋಫೇಲ್ ಎಂದು ಅದಕ್ಕೆ ಹೆಸರು. ಮೆರವಣಿಗೆ ಅವರದು, ತೂತು ನಮ್ಮ ಮನೆಗೆ. ಜೊತೆಗೆ, ಯಂತ್ರ ಏಳುವಾಗ ಸಹಿ ನೋಡಿಯೇ ಒಳಬಿಡುವ ಸೆಕ್ಯೂರ್ ಬೂಟಿಗಾಗಿ 2011ರಲ್ಲಿ ಕೊಟ್ಟ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಅವಧಿ 2026ರ ಜೂನಿನಿಂದ ತೀರುತ್ತ ಬರುತ್ತದೆ. ಅದಕ್ಕೂ ಅಪ್‌ಡೇಟ್ ಬೇಕು. ತೂತು ಮುಚ್ಚಲೇಬೇಕು, ಒಪ್ಪೋಣ. ಮುಚ್ಚಲು ಬಂದವನು ಗೋಡೆ ಕೆಡವಿದರೆ ಗಾರೆಯ ಖರ್ಚು ಯಾರದು?

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿಗೆ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ಯಂತ್ರಗಳು ಮಲಗಿದವು. ಅದು ಬಯಾಸ್ ಅಲ್ಲ, ಭದ್ರತೆಯ ತಂತ್ರಾಂಶ. ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನು ಹಿಡಿದು ಬರೆದುಕೊಟ್ಟರು. ಒಂದೇ ಏಟಿಗೆ ಎಲ್ಲರಿಗೂ ಕಳಿಸಿದ ತಪ್ಪನ್ನು ತಿದ್ದಲು ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೂ ಒಬ್ಬೊಬ್ಬ ಮನುಷ್ಯ ಕೂರಬೇಕಾಯಿತು. ಕೆಡಿಸುವುದು ಸಗಟು, ರಿಪೇರಿ ಮಾತ್ರ ಚಿಲ್ಲರೆ.

ಮದ್ದು ಗೊತ್ತಿಲ್ಲದೆ ಹೀಗಾಗುತ್ತಿದೆಯೆಂದೇನಲ್ಲ. ಎರಡು ಬಯಾಸ್ ಚಿಪ್ಪು ಕೂರಿಸಿ, ಒಂದು ಕೆಟ್ಟರೆ ಇನ್ನೊಂದರಿಂದ ಏಳುವ ಮದರ್‌ಬೋರ್ಡುಗಳು ಬಹಳ ಹಿಂದೆಯೇ ಬಂದಿವೆ. ಆ ಸೌಲಭ್ಯವನ್ನು ಹೆಚ್ಚಾಗಿ ಗೇಮ್ ಆಡುವವರ ದುಬಾರಿ ಬೋರ್ಡುಗಳಲ್ಲಿ ಶೋಕಿಯಾಗಿ ಮಾರುತ್ತಾರೆ. ಆಟಕ್ಕೆ ಎರಡು ಜೀವ, ಅನ್ನದ ಕೆಲಸಕ್ಕೆ ಒಂದೇ.

ಹಾಗಾಗಿ ಸದ್ಯಕ್ಕೆ ನಮ್ಮ ಎಚ್ಚರ ನಮಗೆ: ಯುಪಿಎಸ್ ಇಲ್ಲದೆ ಬಯಾಸ್ ಅಪ್‌ಡೇಟ್ ಬೇಡ, ಕೀಲಿಯ ಅಂಕಿಗಳು ಕಾಗದದ ಮೇಲಿರಲಿ, ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಮಿಕ್ಕದ್ದಕ್ಕೆ ಕಂಪನಿಯಿಂದ ಮೇಲ್ ಬಂದೇ ಬರುತ್ತದೆ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಎಂದು. ಲಗ್ನಪತ್ರಿಕೆಯ ಕೊನೆಗೆ ನಾವೂ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕುತ್ತೇವೆ. ಮದುವೆಗೆ ಆ ಮಾತು ಸರಿ. ಎಸ್.ಪಿ. ರೋಡಿನಲ್ಲಿ ಚಿಪ್ಪು ಬರೆಯುವವನು ನಗದೇ ಕೇಳುತ್ತಾನೆ.